ಹೊಲದಾಗಿನ ಒಡ್ಡು ಕಾಯೋರು ಯಾರು?

ಭಾಗ 1/8: ಹತ್ತು ಲಕ್ಷ ಲೀಟರ್

ದೋಸ್ತರ, ಮೋರಟಗಿಯಿಂದ ಸಿಂದಗಿ ಕಡೆ ಬಸ್ಸಿನಾಗ ಹೊಂಟಾಗ ಒಮ್ಮೆ ಮೊಬೈಲ್ ಕೆಳಗಿಟ್ಟು ಕಿಟಕಿಯಿಂದ ಹೊರಗ ನೋಡ್ರಿ. ತೊಗರಿ, ಹತ್ತಿ, ಕಬ್ಬಿನ ಹೊಲಗಳ ನಡುವೆ ಅಲ್ಲಲ್ಲಿ ಚೌಕಾಕಾರದ ಹೊಂಡ ಕಾಣತದ. ಸುತ್ತ ಮಣ್ಣಿನ ದಿಬ್ಬ, ಒಳಗ ಪ್ಲಾಸ್ಟಿಕ್ ಹಾಳಿ. ಇನ್ನು ಕೆಲವು ಕಡೆ ಸಣ್ಣ ಹಳ್ಳಕ್ಕೆ ಅಡ್ಡ ಹಾಕಿದ ಮಣ್ಣಿನ ಒಡ್ಡು ಇರತದ. ಅಲ್ಲಿ ನಿಂತು ಫೋಟೋ ತಗೋತೀವಿ, ರೀಲ್ಸ್ ಮಾಡ್ತೀವಿ. ಆದ್ರ ಇದೂ ಒಂದು ಡ್ಯಾಮ್ ಅಂತ ಯಾರಿಗೂ ಅನಸೂದಿಲ್ಲ. ನಮಗ ಡ್ಯಾಮ್ ಅಂದ್ರ ಆಲಮಟ್ಟಿ, ಇಲ್ಲಾ ನಾರಾಯಣಪುರ.

ಒಂದು ಲೆಕ್ಕ ಮಾಡೋಣ. ಕೃಷಿ ಹೊಂಡದ ಸರಕಾರಿ ಅಳತೆಗಳಲ್ಲಿ ಒಂದು ಹೀಗದ: 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ. ಬದಿಗಳು ಇಳಿಜಾರಾಗಿ ತಳ 15 ಮೀಟರ್ ಚೌಕಕ್ಕೆ ಇಳೀತದ ಅಂತ ಹಿಡಿದ್ರ, ತುಂಬಿದ ಹೊಂಡದಾಗ ಸುಮಾರು 980 ಘನ ಮೀಟರ್ ನೀರು ನಿಲ್ಲತದ. ಅಂದ್ರ ಹತ್ತಿರ ಹತ್ತಿರ 10 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್ ಲೆಕ್ಕದಾಗ ಸುಮಾರು 200 ಟ್ಯಾಂಕರ್. ತೂಕ ಸುಮಾರು 980 ಟನ್.

ಆಲಮಟ್ಟಿಗೆ ಎಂಜಿನಿಯರ್ ಇದ್ದಾರೆ, ಕಾವಲು ಇದೆ, ನೀರಿನ ಮಟ್ಟ ದಿನಾ ಪೇಪರಿನಾಗ ಬರತದ. ಈ 980 ಟನ್ನಿಗೆ ಯಾರಿದ್ದಾರೆ? ಈ ಸರಣಿ ಪೂರ್ತಿ ಇದೊಂದೇ ಪ್ರಶ್ನೆ. ಉತ್ತರ ಹುಡುಕಲಿಕ್ಕೆ ಸುಮಾರು ಏಳು ನೂರು ವರ್ಷ ಹಿಂದಕ್ಕೆ ಹೋಗಿ ಬರೋಣ. ಹಳಬರಿಗೆ ಗೊತ್ತಿದ್ದ ಒಂದು ಮಾತು ನಾವು ಮರತೀವಿ: ಮಣ್ಣಿನ ಒಡ್ಡಿಗೆ ಕಟ್ಟಿದವನು ಇದ್ದರೆ ಸಾಲದು, ಕಾಯುವವನೂ ಬೇಕು.

ಭಾಗ 2/8: ಎರಿ ಬೇರೆ, ಏರಿ ಬೇರೆ

ಮೊದಲು ಒಂದು ವ್ಯತ್ಯಾಸ ತಿಳ್ಕೋರಿ. ನೆಲ ಅಗೆದು ಒಳಗ ನಿಲ್ಲಿಸಿದ ನೀರು ಎಲ್ಲಿಗೂ ಓಡಿ ಹೋಗೂದಿಲ್ಲ. ಅದರ ಅಪಾಯ ಒಳಗ ಬಿದ್ದವರಿಗೆ. ಆದ್ರ ಅಗೆದ ಮಣ್ಣನ್ನ ಸುತ್ತ ಏರಿಸಿ, ನೆಲದ ಮಟ್ಟಕ್ಕಿಂತ ಮ್ಯಾಲೆ ನೀರು ನಿಲ್ಲಿಸಿದ್ರ ಅದು ಡ್ಯಾಮ್ ಆಯ್ತು. ದ್ರಾಕ್ಷಿ, ದಾಳಿಂಬೆ, ಲಿಂಬಿ ತೋಟದವರು ಬೇಸಿಗೆಗೆ ಅಂತ ನೀರು ಕೂಡಿಡೋದು ಬಹಳ ಸಲ ಹೀಗೇ. ಹಳ್ಳಕ್ಕೆ ಹಾಕಿದ ಒಡ್ಡಂತೂ ಪೂರ್ತಿ ಡ್ಯಾಮೇ.

ಮಣ್ಣಿನ ಡ್ಯಾಮ್ ಒಡೆಯೋದು ಮುಖ್ಯವಾಗಿ ಮೂರು ರೀತಿ.

ಒಂದು, ನೀರು ತಲೆ ಮ್ಯಾಲೆ ಹಾಯೋದು. ಕಲ್ಲಿನ ಗೋಡೆ ಮ್ಯಾಲೆ ನೀರು ಹರಿದ್ರ ಗೋಡೆ ತಡೀಬಹುದು. ಮಣ್ಣು ತಡೆಯೂದಿಲ್ಲ, ಕೊರೀತಾ ಹೋಗತದ. ಅದಕ್ಕೇ ಕೆರೆಗೆ ಕೋಡಿ ಬೇಕು. ಹೆಚ್ಚಾದ ನೀರು ಒಡ್ಡು ಮುಟ್ಟದೆ ಪಕ್ಕದಿಂದ ಹೊರಗ ಹೋಗೋ ದಾರಿ ಅದು.

ಎರಡು, ಒಳಗಿಂದ ಜಿನುಗೋದು. ಹೆಗ್ಗಣದ ಬಿಲ, ಏಡಿ ತೂತು, ಸತ್ತ ಗಿಡದ ಬೇರು ಕೊಳೆತ ಜಾಗ, ಪೈಪು ಹಾಯಿಸಿದ ಸಂದಿ, ಎಲ್ಲಿಂದಾದರೂ ಶುರುವಾಗಬಹುದು. ನೀರು ಒಂದೊಂದೇ ಕಣ ಮಣ್ಣು ಹೊತ್ಕೊಂಡು ಹೊರಗ ಬರತದ, ಒಳಗ ಸುರಂಗ ಆಗತದ.

ಮೂರು, ಬದಿ ಕುಸಿಯೋದು. ಇಳಿಜಾರು ಕಡಿದಾಗಿದ್ರ, ಮಣ್ಣು ನೆನೆದು ಭಾರವಾಗಿ ಜಾರಿ ಬೀಳತದ.

ನಮ್ಮ ಮಣ್ಣಿನದೇ ಬೇರೆ ಕತೆ. ನಮ್ಮದು ಎರಿ ಭೂಮಿ. ಮಳಿಯಾಗ ಉಬ್ಬತದ, ಬೇಸಿಗೆಯಾಗ ಕುಗ್ಗಿ ಬಾಯಿ ಬಿಡತದ. ಕೈ ಹೋಗುವಷ್ಟು ಬಿರುಕು ನಾವೆಲ್ಲ ನೋಡೇ ಇದ್ದೀವಿ. ಎರಿ ಮಣ್ಣಿನಾಗ ನೀರು ಸುಲಭಕ್ಕೆ ಸೋರೂದಿಲ್ಲ, ಅದು ಒಳ್ಳೇದು. ಆದ್ರ ಬರೇ ಎರಿ ಮಣ್ಣಿನ ಏರಿ ಹಾಕಿದ್ರ ಮೇ ತಿಂಗಳಿನಾಗ ಅದೂ ಹೊಲದಂಗ ಬಿರೀತದ, ಜೂನಿನ ಮೊದಲ ಮಳಿ ನೀರು ಸೀದಾ ಆ ಬಿರುಕಿಗೆ ಇಳೀತದ. ದಖ್ಖನ್ ಸೀಮೆಯ ಎಂಜಿನಿಯರರು ಇದಕ್ಕೆ ಕಂಡುಕೊಂಡ ದಾರಿ: ಒಡ್ಡಿನ ಹೊಟ್ಟೆಯೊಳಗ ಎರಿ ಮಣ್ಣು, ಹೊರಗಿನ ಹೊದಿಕೆ ಮುರುಮಿನದು. ಒಳಗಿನದು ನೀರು ತಡೀತದ, ಹೊರಗಿನದು ಒಳಗಿನದನ್ನ ಒಣಗದಂಗ ಕಾಯ್ತದ.

ಇನ್ನೊಂದು ಮಾತು. ಮಣ್ಣನ್ನ ತೆಳು ಪದರ ಹಾಕಿ, ನೀರು ಹೊಡೆದು, ರೋಲರ್ ಓಡಿಸಿ, ಮ್ಯಾಲೆ ಮತ್ತೊಂದು ಪದರ ಹಾಕಬೇಕು. ಜೆಸಿಬಿ ಬಕೆಟ್ಟಿನಿಂದ ಸುರಿದು ಬಿಟ್ಟದ್ದು ಒಡ್ಡಲ್ಲ, ಮಣ್ಣಿನ ಗುಂಪಿ.

ಭಾಗ 3/8: ಕಟ್ಟಿದವರಿಗೂ ಭೂಮಿ, ಕಾಯ್ದವರಿಗೂ ಭೂಮಿ

ಕರ್ನಾಟಕದ ಹಳೆಯ ಕೆರೆಗಳೆಲ್ಲ ರಾಜರೇ ಕಟ್ಟಿಸಿದ್ದು ಅಂತ ತಿಳೀಬೇಡ್ರಿ. ಶಾಸನಗಳನ್ನ ನೋಡಿದ್ರ ಊರ ಗಾವುಂಡರು, ವ್ಯಾಪಾರಿಗಳು, ಅಧಿಕಾರಿಗಳು, ಹೆಣ್ಣುಮಕ್ಕಳು ಸ್ವಂತ ದುಡ್ಡಿನಿಂದ ಕೆರೆ ಕಟ್ಟಿಸಿದ್ದು ಸಿಗತದ. ನಮ್ಮ ಇಂಡಿಯ ಆಚೆ ಇರುವ ಸೊಲ್ಲಾಪುರದ ದೊಡ್ಡ ಕೆರೆಯನ್ನ 12ನೇ ಶತಮಾನದ ಶರಣ ಸಿದ್ಧರಾಮ ಜನರನ್ನ ಕೂಡಿಸಿ ಕಟ್ಟಿದ ಅಂತ ಜನ ಇವತ್ತಿಗೂ ನೆನೀತಾರೆ. ಅಂದ್ರ ಸರಕಾರದ್ದಲ್ಲದ ಒಡ್ಡು ನಮಗ ಹೊಸದೇನಲ್ಲ.

ಹೊಸದು ಏನಂದ್ರ, ಕಟ್ಟಿ ಕೈಬಿಡೋದು. ಆಗ ಕೆರೆ ಕಟ್ಟಿದವನಿಗೆ, ಜೀರ್ಣೋದ್ಧಾರ ಮಾಡಿದವನಿಗೆ ಕೆರೆ ಕೆಳಗಿನ ಭೂಮಿಯಲ್ಲಿ ಒಂದು ಪಾಲು ಕೊಡತಿದ್ರು. ಇದಕ್ಕೆ ಕಟ್ಟುಕೊಡಗೆ ಅಂತ ಹೆಸರು. ಬೆಳೆಯಲ್ಲಿ ಒಂದಿಷ್ಟು ಭಾಗ ಕೆರೆಯ ರಕ್ಷಣೆಗೇ ಅಂತ ತೆಗೆದಿಡೋ ಬಿತ್ತುವಟ್ಟ ಇತ್ತು. ಹೂಳು ಎತ್ತಿ ಏರಿಗೆ ಮಣ್ಣು ಹಾಕಲಿಕ್ಕೆ ಬಂಡಿ, ಬಂಡಿಗೆ ಕೋಣ, ಅದನ್ನ ನಡೆಸುವವನಿಗೆ ದತ್ತಿ, ಇಷ್ಟನ್ನೂ ಕಲ್ಲಿನ ಮ್ಯಾಲೆ ಬರೆಸಿದ್ದಾರೆ. ಹಳೆ ಮೈಸೂರು ಕಡೆ ತೂಬು ಎತ್ತಿ ಇಳಿಸಿ ನೀರು ಹಂಚೋ ನೀರುಗಂಟಿಗೂ ಹೀಗೇ ಊರಿನಿಂದ ಪಾಲು ಸಿಗತಿತ್ತು.

ಗಮನಿಸ್ರಿ: ಅವರು ಕೆರೆಗೆ ಒಮ್ಮೆ ಹಣ ಕೊಟ್ಟು ಸುಮ್ಮನಾಗಲಿಲ್ಲ. ಪ್ರತಿ ವರ್ಷ ಬರುವ ಆದಾಯವನ್ನ ಅದಕ್ಕೆ ಕಟ್ಟಿದರು. ಯಾಕಂದ್ರ ಒಡ್ಡು ಪ್ರತಿ ವರ್ಷ ಹಳೇದಾಗತದ ಅನ್ನೋದು ಅವರಿಗೆ ಗೊತ್ತಿತ್ತು.

ಇದಕ್ಕೆ ಒಂದು ಒಳ್ಳೆ ದಾಖಲೆ ನಮ್ಮ ಗಡಿಯಾಚೆ, ಇಂದಿನ ಆಂಧ್ರದ ಕಡಪ ಭಾಗದ ಪೋರುಮಾಮಿಳ್ಳದಲ್ಲಿ ಅದ. ವಿಜಯನಗರದ ಮೊದಲನೇ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆ. 1369ರ ಅದರ ಶಾಸನ ಕೆರೆ ಕಟ್ಟೋ ಶಾಸ್ತ್ರವನ್ನೇ ಬರೆದಿಟ್ಟದ. ಒಳ್ಳೆ ಕೆರೆಗೆ ಬೇಕಾದ 12 ಅಂಗಗಳು, ಕೆರೆಗೆ ಬರಬಾರದ 6 ದೋಷಗಳು. ಎರಡು ವರ್ಷ, ದಿನಾ 1,000 ಕೂಲಿಯವರು, 100 ಬಂಡಿಗಳು ದುಡಿದವು ಅಂತಲೂ ಅದ. ಆ ಆರು ದೋಷಗಳಲ್ಲಿ ಒಂದು ಯಾವುದು ಗೊತ್ತೇನು? ಒಡ್ಡಿನಿಂದ ನೀರು ಜಿನುಗೋದು. ಭಾಗ 2ರಲ್ಲಿ ಎರಡನೇ ನಂಬರಿನಾಗ ಓದಿದ್ರಲ್ಲ, ಅದೇ.

ಭಾಗ 4/8: ಬಿಜಾಪುರ ಕಲಿಸಿದ ಪಾಠ

ಈಗ ನಮ್ಮ ಜಿಲ್ಲೆಗೆ ಬರೋಣ. ಆದಿಲ್ ಶಾಹಿ ಕಾಲದ ನೀರಿನ ಕೆಲಸಗಳು ನಿಮಗ ಗೊತ್ತು: 1651ರ ಬೇಗಂ ತಲಾಬ್, ಮೊಹಮ್ಮದ್ ಆದಿಲ್ ಶಾಹನ ಕಾಲದ ಮಮದಾಪುರದ ಕೆರೆ. ಅವು ದರಬಾರಿನ ಕೆರೆಗಳು. ರೈತನ ಹೊಲದಾಗಿನ ಒಡ್ಡಿನ ಕತೆ ಬೇರೆ, ಅದು ಬರದಿಂದ ಶುರುವಾಗತದ.

1956ರ ತನಕ ನಾವು ಮುಂಬೈ ಆಡಳಿತದಲ್ಲಿದ್ದೆವು. 1933ರಲ್ಲಿ ಒಣ ಬೇಸಾಯದ ಸಂಶೋಧನೆಗೆ ದೇಶದಲ್ಲಿ ಆರಿಸಿದ ಐದು ಜಾಗಗಳಲ್ಲಿ ಬಿಜಾಪುರ, ಸೊಲ್ಲಾಪುರ, ರಾಯಚೂರು ಮೂರೂ ಇದ್ದವು. ಬಿದ್ದ ಮಳೆಯನ್ನ ಹೊಲದಾಗೇ ಹಿಡಿಯೋದು ಹ್ಯಾಂಗ ಅನ್ನೋದೇ ಅಲ್ಲಿನ ದೊಡ್ಡ ಪ್ರಶ್ನೆ. ಮುಂದೆ 1942ರಲ್ಲಿ ಮುಂಬೈ ಪ್ರಾಂತದಲ್ಲಿ ಭೂಮಿ ಸುಧಾರಣೆಯ ಕಾಮಗಾರಿಗಳಿಗೆ ಅಂತಲೇ ಕಾಯ್ದೆ ಬಂತು. ಅದೇ ಹೊತ್ತಿಗೆ, 1942-43ರ ಬರದಲ್ಲಿ, ನಮ್ಮ ಜಿಲ್ಲೆಯಲ್ಲಿ ಬರ ಪರಿಹಾರದ ಕೆಲಸ ಅಂತ ಹೊಲ ಹೊಲಕ್ಕೆ ಒಡ್ಡು ಹಾಕಿಸಿದರು. ಹಸಿದ ಜನರಿಗೆ ಕೂಲಿ, ಹೊಲಕ್ಕೆ ಒಡ್ಡು.

ಆಮೇಲೆ ಎರಿ ಮಣ್ಣು ತನ್ನ ಗುಣ ತೋರಿಸ್ತು. ಆಳವಾದ ಎರಿ ಹೊಲಗಳಲ್ಲಿ ಸಮಪಾತಳಿ ಒಡ್ಡಿನ ಹಿಂದೆ ನೀರು ದಿನಗಟ್ಟಲೆ ನಿಂತು ಬೆಳೆ ಕೊಳೀತು. ಬೇಸಿಗೆಗೆ ಬಿರಿದ ಒಡ್ಡು ದೊಡ್ಡ ಮಳೆಗೆ ಕಿತ್ತಿತು. ಒಂದು ಹೊಲದ ಒಡ್ಡು ಕಿತ್ತರೆ ಆ ನೀರು ಕೆಳಗಿನ ಹೊಲದ ಒಡ್ಡಿನ ಮ್ಯಾಲೆ ಬೀಳತದ, ಅದು ಇನ್ನೊಂದರ ಮ್ಯಾಲೆ. ಇದರಿಂದಲೇ ಎರಿ ಭೂಮಿಗೆ ನೀರನ್ನ ನಿಧಾನಕ್ಕೆ ಪಕ್ಕಕ್ಕೆ ಸಾಗಿಸೋ, ಸ್ವಲ್ಪ ಇಳಿಜಾರಿನ ಒಡ್ಡೇ ಸರಿ ಅನ್ನೋ ಅಭಿಪ್ರಾಯ ಬೆಳೀತು. ನೀರು ನಿಲ್ಲಿಸೋದು ಅರ್ಧ ಕೆಲಸ, ಉಳಿದ ನೀರಿಗೆ ದಾರಿ ಕೊಡೋದು ಇನ್ನರ್ಧ.

ಭಾಗ 5/8: ನೀರು ಓಡಿ ಹೋದ್ರ ತಪ್ಪು ಯಾರದು? ಎರಡು ಕೇಸು

ಕೆಳಗಿನವರ ಹೊಲ, ಮನಿ ಕೊಚ್ಚಿ ಹೋದ್ರ ಯಾರು ಹೊಣೆ? ಕಾನೂನು ಓದೋ ದೋಸ್ತರು ಇದ್ರ ಅವರಿಗೆ ಮೊದಲನೇ ಕೇಸು ಬಾಯಿಪಾಠ ಇರತದ.

ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ರೈಲ್ಯಾಂಡ್ಸ್ ಅನ್ನೋ ಗಿರಣಿ ಮಾಲೀಕ ತನ್ನ ಗಿರಣಿಗೆ ನೀರಿಗಾಗಿ ಒಂದು ಜಲಾಶಯ ಕಟ್ಟಿಸಿದ. ತಳದಲ್ಲಿ ಹಳೆಯ ಗಣಿಯ ಬಾವಿಗಳಿದ್ದವು. ಕೆಲಸದವರು ಅವನ್ನ ಸರಿಯಾಗಿ ಮುಚ್ಚಲಿಲ್ಲ. 1860ರಲ್ಲಿ ನೀರು ತುಂಬಿದಾಗ ತಳ ಒಡೆದು, ಪಕ್ಕದ ಫ್ಲೆಚರನ ಕಲ್ಲಿದ್ದಲು ಗಣಿಗೆ ನುಗ್ಗಿತು. 1868ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು: ನಿನ್ನ ಲಾಭಕ್ಕಾಗಿ ಹೊರಬಿದ್ದರೆ ಹಾನಿ ಮಾಡುವಂಥದ್ದನ್ನ ನಿನ್ನ ಜಾಗದಾಗ ಕೂಡಿಟ್ಟರೆ ಹೊಣೆ ನಿನ್ನದೇ. ನಾನು ಅಲಕ್ಷ್ಯ ಮಾಡಿಲ್ಲ ಅಂದ್ರ ನಡೆಯೂದಿಲ್ಲ.

ಎರಡನೇದು ನಮ್ಮ ಕಡೇದು. ಇಂದಿನ ಚಿತ್ತೂರು ಜಿಲ್ಲೆಯ ಕಾರ್ವೇಟಿನಗರದ ಜಮೀನುದಾರನ ಕೆರೆಗಳು ಭಾರೀ ಮಳೆಗೆ ಒಡೆದು, ಮದ್ರಾಸ್ ರೈಲ್ವೆ ಕಂಪನಿಯ ಹಳಿಗೆ ಹಾನಿಯಾಯ್ತು. ಕಂಪನಿ ಕೇಸು ಹಾಕಿ, ಇಂಗ್ಲೆಂಡಿನ ಆ ನಿಯಮ ಇಲ್ಲಿಗೂ ಹಚ್ಚಿರಿ ಅಂತು. 1874ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಈ ಕೆರೆಗಳು ಒಬ್ಬನ ಲಾಭಕ್ಕೆ ನಿನ್ನೆ ಮೊನ್ನೆ ಕಟ್ಟಿದ್ದಲ್ಲ, ಪುರಾತನ ಕಾಲದಿಂದ ಜನರ ಬದುಕು ಇವುಗಳ ಮ್ಯಾಲೆ ನಿಂತಿದೆ, ಇವನ್ನ ಉಳಿಸಿ ನೋಡಿಕೊಳ್ಳೋದು ಜಮೀನುದಾರನ ಕರ್ತವ್ಯ, ಆ ಕರ್ತವ್ಯದಲ್ಲಿ ಅಲಕ್ಷ್ಯ ಮಾಡಿದ್ರ ಮಾತ್ರ ಅವನು ಹೊಣೆ. ಇದು ಆ ತೀರ್ಪಿನ ಸಾರ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ರಿ. ಜಮೀನುದಾರ ಪಾರಾದದ್ದು ಕೆರೆ ಹಳೇದು, ಎಲ್ಲರಿಗೂ ಬೇಕಾದ್ದು, ಕಾಯೋ ಕರ್ತವ್ಯ ಇದ್ದದ್ದು ಅನ್ನೋ ಕಾರಣಕ್ಕೆ. ಹೋದ ವರ್ಷ ನಮ್ಮ ಹೊಲದಾಗ ನಮ್ಮ ಬೆಳೆಗಂತ ಏರಿಸಿದ ಒಡ್ಡು ಪುರಾತನವೂ ಅಲ್ಲ, ಊರಿನದೂ ಅಲ್ಲ. ಅದು ಕಾರ್ವೇಟಿನಗರದ ಕೆರೆಗಿಂತ ರೈಲ್ಯಾಂಡ್ಸನ ಜಲಾಶಯಕ್ಕೇ ಹತ್ತಿರ ಅಂತ ನನಗನಸತದ.

ಭಾಗ 6/8: ಕ್ಲಬ್ಬಿನ ಕೆರೆ, ಕಾಲೇಜಿನ ಕೆರೆ

ಖಾಸಗಿ ಮಣ್ಣಿನ ಡ್ಯಾಮಿನ ದೊಡ್ಡ ದುರಂತ ಅಮೆರಿಕದಲ್ಲಿ ಆಯ್ತು. ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಡ್ಯಾಮನ್ನ ಮೊದಲು ಕಟ್ಟಿದ್ದು ಸರಕಾರ, ಕಾಲುವೆಗೆ ನೀರಿಗಾಗಿ. ಕಾಲುವೆ ಬ್ಯಾಡಾದ ಮ್ಯಾಲೆ ಅದು ಕೈಯಿಂದ ಕೈಗೆ ಮಾರಾಟವಾಯ್ತು. ನಡುವೆ ಒಬ್ಬ ಮಾಲೀಕ ತಳದಾಗಿನ ನೀರು ಬಿಡೋ ಕಬ್ಬಿಣದ ಪೈಪುಗಳನ್ನ ಕಿತ್ತು ಗುಜರಿಗೆ ಮಾರಿದ. ಅಂದ್ರ ತೂಬೇ ಹೋಯ್ತು. 1879ರಲ್ಲಿ ಅದು ಶ್ರೀಮಂತರ ಮೀನು ಹಿಡಿಯೋ ಕ್ಲಬ್ಬಿನ ಪಾಲಾಯ್ತು. ಕುದುರೆ ಗಾಡಿ ಓಡಾಡಲಿಕ್ಕೆ ಒಡ್ಡಿನ ತಲೆ ತಗ್ಗಿಸಿದರು. ಮೀನು ತಪ್ಪಿಸಿಕೊಳ್ಳಬಾರದು ಅಂತ ಕೋಡಿಗೆ ಜಾಳಿಗೆ ಹಾಕಿದರು. 1889ರ ಮೇ 31ರಂದು ಭಾರೀ ಮಳೆ. ಕೋಡಿಯ ಜಾಳಿಗೆಗೆ ಕಸಕಡ್ಡಿ ಸಿಕ್ಕಿಕೊಂಡಿತು, ತೂಬು ಮೊದಲೇ ಇಲ್ಲ, ನೀರು ತಲೆ ಮ್ಯಾಲೆ ಹಾಯ್ತು. ಕೆಳಗಿನ ಜಾನ್ಸ್‌ಟೌನ್ ಊರಿನ ಕಡೆ 2,209 ಜನ ಸತ್ತರು. ಕ್ಲಬ್ಬಿನಿಂದ ಸಂತ್ರಸ್ತರಿಗೆ ಕೋರ್ಟಿನಲ್ಲಿ ಪರಿಹಾರ ಸಿಗಲಿಲ್ಲ, ದೈವದ ಆಟ ಅಂತ ಮುಗೀತು.

ಅದು 22 ಮೀಟರಿನ ದೊಡ್ಡ ಒಡ್ಡು, ನಮ್ಮದು ಸಣ್ಣದು ಅಂತೀರಾ? ಹಂಗಾದ್ರ ಇದನ್ನ ಕೇಳ್ರಿ. 1977ರ ನವೆಂಬರ್ 6ರ ರಾತ್ರಿ, ಜಾರ್ಜಿಯಾ ರಾಜ್ಯದ ಟೊಕೋವಾ ಫಾಲ್ಸ್. ಸುಮಾರು 12 ಮೀಟರ್ ಎತ್ತರದ ಕೆಲ್ಲಿ ಬಾರ್ನ್ಸ್ ಡ್ಯಾಮ್, ಅಲ್ಲಿನ ಒಂದು ಕಾಲೇಜಿನದು. ಒಂದು ಕಾಲದಲ್ಲಿ ಕರೆಂಟ್ ಮಾಡಲಿಕ್ಕೆ ಬಳಸಿ, ಆಮೇಲೆ ಬಿಟ್ಟದ್ದು. ಬದಿಗಳು ಕಡಿದಾಗಿದ್ದವು, ಒಡ್ಡಿನ ಮ್ಯಾಲೆ ಗಿಡಗಳು ಬೆಳೆದಿದ್ದವು. ಮಳೆ ಸುರಿದ ಆ ರಾತ್ರಿ ಅದು ಒಡೆದು, ಕೆಳಗೆ ಕಾಲೇಜಿನ ಆವರಣದಲ್ಲಿ ಮಲಗಿದ್ದ 39 ಜನ ಸತ್ತರು. ಅದಾದ ಮ್ಯಾಲೇನೇ ಅಮೆರಿಕ ಸರಕಾರ ತನ್ನದಲ್ಲದ ಅಪಾಯಕಾರಿ ಡ್ಯಾಮ್‌ಗಳನ್ನೂ ತಪಾಸಣೆ ಮಾಡಿಸ್ತು.

ಎರಡೂ ಕಡೆ ಮಳೆ ಬಂದದ್ದು ಖರೆ. ಆದ್ರ ತೂಬು ಮಾರಿದ್ದು ಮಳೆಯಲ್ಲ, ಕೋಡಿ ಕಟ್ಟಿದ್ದು ಮಳೆಯಲ್ಲ, ಗಿಡ ಬೆಳೀಲಿಕ್ಕೆ ಬಿಟ್ಟದ್ದೂ ಮಳೆಯಲ್ಲ.

ಭಾಗ 7/8: 15 ಮೀಟರಿನ ಗೆರೆ

ದೂರದ ಮಾತು ಬಿಡ್ರಿ. 2019ರ ಜುಲೈ 2ರ ರಾತ್ರಿ ಪಕ್ಕದ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಡ್ಯಾಮ್ ಒಡೀತು. ಸರಕಾರದ ಸಣ್ಣ ಮಣ್ಣಿನ ಡ್ಯಾಮು, ಕಟ್ಟಿ 20 ವರ್ಷವೂ ಆಗಿರಲಿಲ್ಲ. ನೀರು ಜಿನುಗ್ತದ ಅಂತ ಊರವರು ಮೊದಲೇ ಹೇಳಿದ್ದರು. 19ಕ್ಕೂ ಹೆಚ್ಚು ಜನ ಸತ್ತರು. ಏಡಿಗಳು ತೂತು ಕೊರೆದದ್ದರಿಂದ ಒಡೀತು ಅಂತ ಮಂತ್ರಿಯೊಬ್ಬರು ಹೇಳಿದ್ದು ದೇಶದ ತುಂಬಾ ಟ್ರೋಲ್ ಆಯ್ತು. ಏಡಿ ತೂತು ಕೊರೆಯೋದು ಸುಳ್ಳಲ್ಲ. ಆದ್ರ ಏಡಿ ಕೊರೆದ ತೂತು ನೋಡಿ ಮುಚ್ಚೋ ಮನುಷ್ಯ ಯಾಕ ಇರಲಿಲ್ಲ ಅನ್ನೋದು ಕೇಳಬೇಕಾದ ಪ್ರಶ್ನೆ.

ಅದೇ ವರ್ಷ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಅಗೆಯುವಾಗ ಒಡೆದು, ನೂರಾರು ಮನೆಗಳಿಗೆ ನೀರು ನುಗ್ಗಿತು.

2021ರ ಡಿಸೆಂಬರಿನಲ್ಲಿ ನಮ್ಮ ದೇಶಕ್ಕೆ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂತು. ಒಳ್ಳೆ ಕಾಯ್ದೆ. ಮಳೆಗಾಲಕ್ಕೆ ಮುಂಚೆ, ಮಳೆಗಾಲ ಮುಗಿದ ಮ್ಯಾಲೆ ತಪಾಸಣೆ ಆಗಬೇಕು ಅಂತದ. ಆದ್ರ ಅದು 15 ಮೀಟರಿಗಿಂತ ಎತ್ತರದ ಡ್ಯಾಮುಗಳಿಗೆ. 10ರಿಂದ 15 ಮೀಟರಿನವಾದ್ರ ಉದ್ದ, ಸಂಗ್ರಹ ಇತ್ಯಾದಿ ಷರತ್ತುಗಳಲ್ಲಿ ಒಂದಾದರೂ ಹೊಂದಬೇಕು. ಹೊಲದಾಗಿನ ಮೂರು ನಾಲ್ಕು ಮೀಟರಿನ ಒಡ್ಡು ಆ ಗೆರೆ ಕೆಳಗೇ ಉಳೀತು. ಬ್ರಿಟನ್ನಿನ 1975ರ ಕಾಯ್ದೆ ಬೇರೆ ರೀತಿ ಯೋಚನೆ ಮಾಡ್ತು. ಅದು ಒಡ್ಡಿನ ಎತ್ತರ ಕೇಳಲಿಲ್ಲ, ಸುತ್ತಲಿನ ನೆಲದ ಮಟ್ಟಕ್ಕಿಂತ ಮ್ಯಾಲೆ ಎಷ್ಟು ನೀರು ನಿಂತದ ಅಂತ ಕೇಳ್ತು, 25,000 ಘನ ಮೀಟರ್ ದಾಟಿದ್ರ ತಪಾಸಣೆ ಅಂತು. ಆ ಲೆಕ್ಕದಾಗೂ ನಮ್ಮ ಹೊಂಡ ಬರೂದಿಲ್ಲ, ಖರೆ. ಅಂದ್ರ ಎಲ್ಲ ದೇಶದಾಗೂ ಒಂದು ಗೆರೆ ಇರತದ, ಅದರ ಕೆಳಗ ಮಾಲೀಕನ ಕಣ್ಣೇ ಕಾಯ್ದೆ.

ಕರ್ನಾಟಕದಲ್ಲಿ 2014-15ರಿಂದ ಕೃಷಿ ಭಾಗ್ಯ ಯೋಜನೆಯಲ್ಲಿ ಸಾವಿರಾರು ಹೊಂಡಗಳಾದವು. ಬರದ ನಾಡಿಗೆ ಇದು ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಹೊಂಡಕ್ಕೆ, ಹಾಳಿಗೆ, ಪಂಪಿಗೆ, ತಂತಿ ಬೇಲಿಗೆ ಸಹಾಯಧನ ಅದ. ಆದ್ರ ಸಹಾಯಧನ ಕಟ್ಟೋದಕ್ಕೆ. ಹತ್ತು ವರ್ಷ ಕಾಯೋದಕ್ಕೆ ಬಿತ್ತುವಟ್ಟ ಇಲ್ಲ.

ಭಾಗ 8/8: ಹಂಗಾದ್ರ ಕಾಯೋರು ಯಾರು? ನಾವೇ

ಉಳಿದವರು ನಾವು. ಹೊಲಕ್ಕೆ ಬುತ್ತಿ ಒಯ್ಯೋರು, ದನ ಕಾಯ್ಲಿಕ್ಕೆ ಹೋಗೋರು, ರೀಲ್ಸ್ ಮಾಡಲಿಕ್ಕೆ ಹೋಗೋರು. ಈ ಪೋಸ್ಟ್ ಸೇವ್ ಮಾಡ್ಕೊಂಡು, ಮೇ ಕೊನೆಗೆ ಒಮ್ಮೆ, ಉತ್ತರಿ ಹಸ್ತ ಮಳೆ ಹೊತ್ತಿಗೆ ಇನ್ನೊಮ್ಮೆ ನಿಮ್ಮ ಒಡ್ಡಿನ ಸುತ್ತ ನಡೆದು ಬರ್ರಿ. 2020ರ ಅಕ್ಟೋಬರಿನ ಮಳೆ, ಭೀಮೆಯ ಹೊಳೆ ನೆನಪದ ಅಲ್ಲ? ನಮ್ಮ ಕಡೆ ದೊಡ್ಡ ಮಳೆ ಬಹಳ ಸಲ ಕೊನೆಗೇ ಬರತದ, ಹೊಂಡ ತುಂಬಿದ ಮ್ಯಾಲೆ.

ನೋಡಬೇಕಾದ್ದು:

• ಕೋಡಿ ಖಾಲಿ ಅದಯೇನು? ಮಣ್ಣು, ಕಂಟಿ, ಮೀನಿನ ಬಲಿ ಏನೇ ಇದ್ರೂ ತೆಗೀರಿ. ಕೋಡಿನೇ ಇಲ್ಲದಿದ್ರ ಮೊದಲು ಅದನ್ನ ಮಾಡಿಸ್ರಿ.

• ನೀರಿಗೂ ಒಡ್ಡಿನ ತಲೆಗೂ ನಡುವೆ ಅರ್ಧದಿಂದ ಒಂದು ಮೀಟರ್ ಖಾಲಿ ಇರಬೇಕು. ಒಡ್ಡಿನ ತಲೆ ಒಂದು ಕಡೆ ತಗ್ಗಾಗಿದ್ರ ನೀರು ಅಲ್ಲೇ ಹಾಯ್ತದ.

• ಬೇಸಿಗೆ ಬಿರುಕು ಮಳೆಗೆ ಮುಂಚೆ ತುಂಬಿ ದಮ್ಮಸ್ಸು ಮಾಡ್ರಿ. ಹೆಗ್ಗಣದ ಬಿಲ ಬಿಡಬ್ಯಾಡ್ರಿ.

• ಜಾಲಿ ಗಿಡ ಸಣ್ಣದಿದ್ದಾಗಲೇ ಕೀಳ್ರಿ. ದೊಡ್ಡದಾದ ಮ್ಯಾಲೆ ಬರೇ ಕಡಿದ್ರ ಬೇರು ಒಳಗ ಕೊಳೆತು ದಾರಿ ಆಗತದ.

• ಒಡ್ಡಿನ ಹೊರಬದಿಗೆ ಹಸಿ ಅದಯೇನು? ಜಿನುಗೋ ನೀರು ತಿಳಿಯಾಗಿದ್ರ ದಿನಾ ಗಮನಿಸ್ರಿ. ಕೆಸರಾಗಿದ್ರ ಒಳಗಿಂದ ಮಣ್ಣು ಹೊಂಟದ ಅಂತ ಅರ್ಥ. ಆಗ ಫೋಟೋ ತೆಗೆಯೋ ಹೊತ್ತಲ್ಲ. ಮೊದಲು ಕೆಳಗಿನ ತೋಟದ ಮನಿಯವರನ್ನ, ಗುಡಿಸಲಿನ ಕೂಲಿಯವರನ್ನ ಎಬ್ಬಿಸ್ರಿ. 112ಕ್ಕೆ ಫೋನ್ ಮಾಡ್ರಿ. ಪಂಪು ಹಚ್ಚಿ ನಿಧಾನಕ್ಕೆ ನೀರು ಇಳಿಸ್ರಿ. ಗಾಬರಿಯಾಗಿ ಒಡ್ಡನ್ನ ಅಗೀಬ್ಯಾಡ್ರಿ, ಅಗೆದ ಜಾಗದಾಗಿಂದಲೇ ಪೂರಾ ಕಿತ್ತು ಹೋಗತದ.

ಕೊನೆಯದು, ಎಲ್ಲಕ್ಕಿಂತ ಮುಖ್ಯ. ಪ್ಲಾಸ್ಟಿಕ್ ಹಾಳಿ ಹಾಕಿದ ಹೊಂಡದಾಗ ಈಜು ಬಂದವರೂ ಮ್ಯಾಲೆ ಹತ್ತಿ ಬರಲಿಕ್ಕಾಗೂದಿಲ್ಲ, ಕಾಲು ಜಾರತದ. ಬೇಲಿ ಬೇಕು. ಗೂಟಕ್ಕೆ ಕಟ್ಟಿ ಒಳಗ ಇಳಿಬಿಟ್ಟ ಗಂಟು ಹಾಕಿದ ಹಗ್ಗ ಬೇಕು. ಹಳೇ ಟ್ಯೂಬು ಒಂದು ನೀರಿನ ಮ್ಯಾಲೆ ತೇಲತಿರಬೇಕು. ಈ ಮೂರಕ್ಕೆ ಆಗೋ ಖರ್ಚು ಒಂದು ಹೊಂಡದ ಖರ್ಚಿನ ಮುಂದ ಏನೂ ಅಲ್ಲ. ಯಾರಾದ್ರೂ ಬಿದ್ರ ಹಿಂದಿಂದೆ ಜಿಗೀಬ್ಯಾಡ್ರಿ, ಹಗ್ಗ ಎಸೀರಿ. ಒಬ್ಬರನ್ನ ಉಳಿಸಲಿಕ್ಕೆ ಹೋಗಿ ಇಬ್ಬರು ಹೋಗೋದು ಹೀಗೇ.

ಹಳಬರು ಒಡ್ಡು ಕಾಯೋದಕ್ಕೆ ಭೂಮಿ ಕೊಟ್ಟರು, ಕಲ್ಲಿನ ಮ್ಯಾಲೆ ಬರೆಸಿದರು. ನಮ್ಮಿಂದ ಅಷ್ಟು ಆಗೂದಿಲ್ಲ. ಆದ್ರ ಪ್ರತಿ ಒಡ್ಡಿಗೆ ಒಂದು ಹೆಸರು ಇರಲಿ: ಈ ವರ್ಷ ಇದನ್ನ ನೋಡಿಕೊಳ್ಳೋರು ಇವರು ಅಂತ. ನಿಮ್ಮ ಮನಿ ಹೊಂಡಕ್ಕೆ ಆ ಹೆಸರು ಯಾರದು? ನಿಮ್ಮೂರಿನಾಗ ಕೆರೆ ಕಾಯ್ತಿದ್ದವರಿಗೆ, ನೀರು ಬಿಡೋರಿಗೆ ಏನಂತ ಕರೀತಿದ್ರು? ಅಜ್ಜ, ಅಮ್ಮನ್ನ ಕೇಳಿ ಕೆಳಗ ಬರೀರಿ. ಮುಂದಿನ ಸರಣಿ ಆ ಮಾತುಗಳ ಮ್ಯಾಲೇ ಮಾಡೋಣ.

#ಮೋರಟಗಿ #ಸಿಂದಗಿ #ಇಂಡಿ #ನಮ್ಮವಿಜಯಪುರ #ಕೃಷಿಹೊಂಡ #ಕೆರೆಇತಿಹಾಸ